ಮೋಹಕ ಬಲೆ ಖಾಲಿಯಾದದ್ದು ಯಾಕೆ? ಪತಂಗದ ಮೀಸೆಯನ್ನು ಕೇಳೋಣ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಆಳಂದ ತಾಲ್ಲೂಕು. ಆರು ಎಕರೆ ಕರಿ ಭೂಮಿ, ಪೂರಾ ತೊಗರಿ. ಹ್ವಾದ ವರ್ಷ ಮೊಗ್ಗು ಬರೂ ಹೊತ್ತಿಗೆ ಸೊಂಟದೆತ್ತರಕ್ಕ ಆರು ಮೋಹಕ ಬಲೆ ಕಟ್ಟಿದ್ದೆ. ನಾಲ್ಕಕ್ಕ ಕಾಯಿಕೊರಕದ ಲೂರ್, ಅಂದ್ರ ಹೆಣ್ಣು ಪತಂಗದ ವಾಸನಿ ತುಂಬಿದ ರಬ್ಬರ್ ಬಿರಡಿ, ಹಾಕಿದ್ದೆ. ಎರಡಕ್ಕ ಕಡಿಮಿ ಬಿತ್ತು ಅಂತ ಸಿಂಧನೂರಿನ ಬೀಗರು ಭತ್ತಕ್ಕ ತಂದಿಟ್ಟಿದ್ದ ಕಾಂಡಕೊರಕದ ಲೂರ್ ಹಾಕಿದೆ. ಮೊದಲ ಹತ್ತು ದಿನ ನಾಲ್ಕು ಬಲಿಯಾಗ ದಿನಾ ಪತಂಗ ಬಿದ್ದವು. ಭತ್ತದ ಲೂರಿಗೆ ಒಂದೆರಡು ಬಿದ್ದರ ಹೆಚ್ಚು. ತಿಂಗಳಾದ ಮ್ಯಾಲ ಎಲ್ಲಾ ಬಲಿ ಖಾಲಿ. ಕೀಡಿ ಹ್ವಾತು ಅಂತ ಸುಮ್ಮನಾದೆ. ಆಮ್ಯಾಲ ನೋಡಿದರ ಕಾಯಿ ತುಂಬ ತೂತು. ಬಾಜೂ ಹೊಲದ ಕಾಕಾ, ‘ನಿನ್ನ ವಾಸನಿಗೆ ಊರಾಗಿನ ಕೀಡಿ ಎಲ್ಲಾ ನಮ್ಮ ಕಡಿ ಬಂತು’ ಅಂತ ಸಿಟ್ಟಿಗೆದ್ದಾರ. ಅಂಗಡಿಯವರು ‘ಲೂರ್ ಎಲ್ಲಾ ಒಂದ, ಯಾವುದು ಹಾಕಿದರೂ ನಡೀತದ’ ಅಂದಿದ್ದರು. ಬಿ.ಎಸ್ಸಿ. ಓದೋ ಮಗಳು, ಗಂಡು ಪತಂಗ ಹತ್ತು ಕಿಲೋಮೀಟರಿನಿಂದ ಹೆಣ್ಣಿನ ವಾಸನಿ ಹಿಡೀತದ ಅಂತಾಳ. ಮೂಗೇ ಇಲ್ಲದ ಹುಳ ಹ್ಯಾಂಗ ಮೂಸ್ತದ? ನಮಗ್ಯಾಕ ಆ ವಾಸನಿ ಬರಂಗಿಲ್ಲ? ದನಕ್ಕ, ಮಕ್ಕಳಿಗೆ ಏನಾರ ಆಗ್ತದೇನು? ಈ ವರ್ಷ ಬಲಿಗೆ ರೊಕ್ಕ ಹಾಕಲೋ, ಎಣ್ಣಿ ಹೊಡೀಲೋ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ದುಡ್ಡಿನ ಮಾತು ಕಾಯುವುದಿಲ್ಲ. ಬಲೆ ಕಟ್ಟಿ. ಆದರೆ ಕೀಡೆ ಕೊಲ್ಲಲಿಕ್ಕೆ ಎಂದುಕೊಂಡು ಕಟ್ಟಬೇಡಿ. ಯಾವ ದಿನ ಗಿಡದ ಮೊಗ್ಗು ಬಿಡಿಸಿ ನೋಡಬೇಕು, ಯಾವ ದಿನ ಎಣ್ಣೆ (ಕೀಟನಾಶಕ) ಹೊಡೆದರೆ ಹೊಡೆದದ್ದಕ್ಕೆ ಬೆಲೆ ಬರುತ್ತದೆ ಎಂದು ತಿಳಿಯುವುದಕ್ಕೆ ಕಟ್ಟಿ. ಹೋದ ವರ್ಷ ನಿಮಗೆ ಆದ ನಷ್ಟ, ಖಾಲಿ ಬಲೆಯನ್ನು ಕೀಡೆ ಇಲ್ಲ ಎಂದು ಓದಿಕೊಂಡದ್ದರಿಂದ ಆಗಿದೆ. ಅದು ನಿಮ್ಮೊಬ್ಬರ ತಪ್ಪಲ್ಲ. ಮೂವತ್ತು ವರ್ಷದಿಂದ ಹೊಲಗಳಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದೇ. ಲೂರ್ ಮಾರುವವರು ಅದನ್ನು ಬಿಡಿಸಿ ಹೇಳದಿರುವುದು ನನಗೆ ಇವತ್ತಿಗೂ ಬೇಸರದ ಸಂಗತಿ.

ಬಲೆ ಯಾವಾಗ ನಿಜ ಹೇಳುತ್ತದೆ, ಯಾವಾಗ ಹೇಳುವುದಿಲ್ಲ ಎಂದು ಗೊತ್ತಾಗಬೇಕಾದರೆ ನೀವು ಕೇಳಿದ ಇನ್ನೊಂದು ಪ್ರಶ್ನೆಯನ್ನೇ ಹಿಡಿಯಬೇಕು: ಮೂಗಿಲ್ಲದ ಹುಳ ಹೇಗೆ ಮೂಸುತ್ತದೆ? ನನ್ನ ಅರ್ಧ ಆಯುಷ್ಯ ಈ ಪ್ರಶ್ನೆಯ ಹಿಂದೆಯೇ ಹೋಗಿದೆ, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಮಗಳನ್ನೂ ಕೂರಿಸಿಕೊಂಡು ಓದಿ.

ಪತಂಗದ ಮೂಗು ಅದರ ತಲೆಯ ಮೇಲಿನ ಎರಡು ಕುಡಿಮೀಸೆಗಳಲ್ಲಿದೆ. ತೊಗರಿಯ ಕಾಯಿಕೊರಕದ ಪತಂಗದಲ್ಲಿ ಅವು ತೆಳ್ಳಗೆ ದಾರದಂತಿರುತ್ತವೆ. ರೇಷ್ಮೆ ಪತಂಗದಲ್ಲಿ ಬಾಚಣಿಗೆಯಂತೆ ಹಲ್ಲು ಬಿಟ್ಟುಕೊಂಡಿರುತ್ತವೆ. ನಾನು ಓದುತ್ತಿದ್ದ ಕಾಲದಲ್ಲಿ ರಾಮನಗರದ ಕಡೆ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಕೇಂದ್ರಕ್ಕೆ ನಮ್ಮನ್ನು ಕರೆದೊಯ್ದಿದ್ದರು. ತಟ್ಟೆಯೊಂದರಲ್ಲಿ ಗಂಡು ಪತಂಗಗಳು ಸತ್ತಂತೆ ಸುಮ್ಮನೆ ಕೂತಿದ್ದವು. ಹೆಣ್ಣುಗಳನ್ನು ಕೂರಿಸಿದ್ದ ಬರಿಯ ಕಾಗದದ ಚೂರೊಂದನ್ನು ಕೆಲಸದ ಹೆಂಗಸು ಅವುಗಳ ಹತ್ತಿರ ಹಿಡಿದರು. ಅಷ್ಟೂ ಗಂಡುಗಳು ಒಮ್ಮೆಲೇ ರೆಕ್ಕೆ ಬಡಿಯುತ್ತ, ಸುತ್ತು ಹಾಕುತ್ತ ಆ ಕಾಗದದ ಕಡೆ ನಡೆದವು. ಸಾವಿರಾರು ವರ್ಷ ಮನುಷ್ಯ ಸಾಕಿದ್ದರಿಂದ ಈ ಪತಂಗಕ್ಕೆ ಹಾರಲು ಬರುವುದಿಲ್ಲ, ಆದರೂ ಆ ವಾಸನೆಯನ್ನು ಅದು ಮರೆತಿಲ್ಲ. ಆ ಕೋಣೆಯಲ್ಲಿದ್ದ ನಮಗೆ ಯಾರಿಗೂ ಯಾವ ವಾಸನೆಯೂ ಬಂದಿರಲಿಲ್ಲ.

ಒಂದೇ ಜಾತಿಯ ಜೀವಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಇಂಥ ವಾಸನೆಯ ವಸ್ತುವನ್ನು ಫೆರೊಮೋನ್ ಎನ್ನುತ್ತಾರೆ. ಜಗತ್ತಿನಲ್ಲಿ ಮೊದಲು ಪತ್ತೆಯಾದ ಕೀಟ ಫೆರೊಮೋನ್ ಕೂಡ ಈ ರೇಷ್ಮೆ ಪತಂಗದ್ದೇ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ದುಡಿದು, ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳಿಂದ ಕೆಲವೇ ಮಿಲಿಗ್ರಾಂ ವಸ್ತು ತೆಗೆದು 1959ರಲ್ಲಿ ಅದರ ರಚನೆ ಹೇಳಿದರು. ಹೆಸರು ಬಾಂಬಿಕಾಲ್. ಹದಿನಾರು ಇಂಗಾಲದ ಪರಮಾಣುಗಳ ಒಂದು ಸರಪಳಿ, ಎರಡು ಕಡೆ ಜೋಡಿ ಬಂಧ, ತುದಿಗೆ ಆಲ್ಕೋಹಾಲ್ ಗುಂಪು. ನಿಮ್ಮ ಲೂರಿನ ರಬ್ಬರ್ ಬಿರಡೆಯಲ್ಲಿ ಇರುವುದೂ ಇದೇ ಕುಟುಂಬದ ಹದಿನಾರು ಇಂಗಾಲದ ಸರಪಳಿ. ತುದಿ ಬೇರೆ, ಬಂಧ ಇರುವ ಜಾಗ ಬೇರೆ. ಈ ಸಣ್ಣ ‘ಬೇರೆ’ಗಳು ಪತಂಗಕ್ಕೆ ಎಷ್ಟು ದೊಡ್ಡವು ಎಂಬುದನ್ನು ಮುಂದೆ ಹೇಳುತ್ತೇನೆ.

ಗಂಡು ರೇಷ್ಮೆ ಪತಂಗದ ಒಂದೊಂದು ಮೀಸೆಯ ಮೇಲೂ ಸುಮಾರು 17,000 ಉದ್ದ ಕೂದಲುಗಳಿವೆ. ಉದ್ದ ಎಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ, ಅಷ್ಟೆ. ಕೂದಲು ಒಳಗೆ ಟೊಳ್ಳು, ಟೊಳ್ಳಿನಲ್ಲಿ ನೀರಿನಂಥ ದ್ರವ, ದ್ರವದಲ್ಲಿ ನರಕೋಶಗಳ ತುದಿಗಳು ಚಾಚಿಕೊಂಡಿರುತ್ತವೆ. ಕೂದಲಿನ ಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು. ಗಾಳಿಯಲ್ಲಿ ತೇಲಿಬಂದ ಫೆರೊಮೋನ್ ಅಣು ಕೂದಲಿಗೆ ತಾಗಿ, ಮೇಣದ ಮೇಲ್ಮೈ ಮೇಲೆ ಜಾರಿ, ರಂಧ್ರದ ಒಳಗೆ ಇಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಫೆರೊಮೋನ್ ಎಣ್ಣೆಯ ಜಾತಿ, ಕೂದಲಿನ ಒಳಗಿರುವುದು ನೀರು. ಎಣ್ಣೆ ತಾನಾಗಿ ನೀರಿನಲ್ಲಿ ಕರಗಿ ಆಚೆ ದಡ ಸೇರುವುದಿಲ್ಲ. ಅದನ್ನು ಹೊತ್ತು ದಾಟಿಸಲು ಆ ದ್ರವದಲ್ಲಿ ಒಂದು ಪ್ರೋಟೀನ್ ದಂಡಿಯಾಗಿ ತುಂಬಿರುತ್ತದೆ. ಇಂಥ ಪ್ರೋಟೀನ್ ಮೊದಲು ಗೊತ್ತಾದದ್ದು 1981ರಲ್ಲಿ, ಅಮೆರಿಕದ ಒಂದು ಕಾಡು ರೇಷ್ಮೆ ಪತಂಗದಲ್ಲಿ. ಅಣುವನ್ನು ತನ್ನ ಹೊಟ್ಟೆಯೊಳಗಿನ ಪೊಟರೆಯಲ್ಲಿ ಕೂರಿಸಿಕೊಂಡು ಅದು ನರಕೋಶದ ಹತ್ತಿರ ಹೋಗುತ್ತದೆ. ಅಲ್ಲಿ ಪರಿಸರ ತುಸು ಆಮ್ಲೀಯವಾಗುತ್ತಿದ್ದಂತೆ ತನ್ನ ಆಕಾರ ಬದಲಿಸಿ ಅಣುವನ್ನು ಬಿಟ್ಟುಕೊಡುತ್ತದೆ ಎಂಬುದು ರೇಷ್ಮೆ ಪತಂಗದ ಅಧ್ಯಯನಗಳಿಂದ ತಿಳಿದಿದೆ.

ಇನ್ನು ಮುಖ್ಯದ ಜಾಗ, ಅಣುವನ್ನು ಗುರುತು ಹಿಡಿಯುವ ಗ್ರಾಹಿ. ನರಕೋಶದ ಪೊರೆಯನ್ನು ಏಳು ಸಲ ಹೊಲಿದಂತೆ ಹಾಯ್ದು ಕೂತಿರುವ ಪ್ರೋಟೀನ್ ಅದು. ನಮ್ಮ ಮೂಗಿನ ಗ್ರಾಹಿಯೂ ಏಳು ಸಲ ಹಾಯುತ್ತದೆ, ಆದ್ದರಿಂದ ಎರಡೂ ಒಂದೇ ವಂಶದವು ಎಂದು ಬಹಳ ಕಾಲ ನಂಬಲಾಗಿತ್ತು. ನೋಡಿದರೆ ಕೀಟದ್ದು ತಲೆಕೆಳಗಾಗಿ ಕೂತಿದೆ, ವಂಶವೇ ಬೇರೆ, ಕೆಲಸ ಮಾಡುವ ರೀತಿಯೂ ಬೇರೆ. ನಮ್ಮ ಮೂಗಿನಲ್ಲಿ ಗ್ರಾಹಿಗೆ ಅಣು ಕೂತರೆ ಅದು ಒಳಗೆ ಇನ್ನೊಂದಕ್ಕೆ ಹೇಳಿ, ಅದು ಮತ್ತೊಂದಕ್ಕೆ ಹೇಳಿ, ಕೊನೆಗೆ ಬಾಗಿಲು ತೆರೆಯುತ್ತದೆ. ಪತಂಗದಲ್ಲಿ ಗ್ರಾಹಿಯೇ ಬಾಗಿಲು. ಅದು ‘ಆರ್ಕೊ’ ಎಂಬ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ನಾಲ್ಕು ಹೋಳಿನ ಒಂದು ನಾಳ ಕಟ್ಟಿಕೊಂಡಿರುತ್ತದೆ. ಸರಿಯಾದ ಅಣು ಸರಿಯಾದ ಕುಳಿಯಲ್ಲಿ ಕೂತ ತಕ್ಷಣ ನಾಳ ಬಾಯಿ ಬಿಡುತ್ತದೆ, ವಿದ್ಯುದಾವೇಶದ ಅಯಾನುಗಳು ಒಳನುಗ್ಗುತ್ತವೆ, ನರ ಮಿಡಿಯುತ್ತದೆ.

ಈ ಮಿಡಿತವನ್ನು ಅಳೆಯಬಹುದು. ಮೀಸೆಯ ಎರಡು ತುದಿಗೆ ಎರಡು ವಿದ್ಯುತ್ ತಂತು ಇಟ್ಟು ಫೆರೊಮೋನ್ ಊದಿದರೆ ಸಣ್ಣ ವೋಲ್ಟೇಜ್ ಕುಸಿತ ಕಾಣುತ್ತದೆ. 1957ರಲ್ಲಿ ಡೀಟ್ರಿಶ್ ಶ್ನೈಡರ್ ಹಾಕಿಕೊಟ್ಟ ಈ ವಿಧಾನವನ್ನೇ ನಾವು ಇವತ್ತಿಗೂ ಪ್ರಯೋಗಾಲಯದಲ್ಲಿ ಬಳಸುತ್ತೇವೆ. 1970ರಲ್ಲಿ ಕೈಸ್ಲಿಂಗ್ ಮತ್ತು ಪ್ರೀಸ್ನರ್ ಲೆಕ್ಕ ಹಾಕಿ ತೋರಿಸಿದ ಮಾತು ಕೇಳಿದರೆ ನಿಮ್ಮ ಮಗಳು ಖುಷಿಪಡಬಹುದು: ಬಾಂಬಿಕಾಲಿನ ಒಂದೇ ಒಂದು ಅಣು ಒಂದು ನರಕೋಶವನ್ನು ಮಿಡಿಸಲು ಸಾಕು. ಆದರೆ ಒಂದು ಮಿಡಿತಕ್ಕೆ ಪತಂಗ ಹೆಜ್ಜೆ ಎತ್ತುವುದಿಲ್ಲ. ಆ ಕೋಶಗಳು ವಾಸನೆ ಇಲ್ಲದಾಗಲೂ ಆಗೊಮ್ಮೆ ಈಗೊಮ್ಮೆ ತಾವಾಗಿ ಮಿಡಿಯುತ್ತಿರುತ್ತವೆ. ಆ ಗದ್ದಲದ ಮೇಲೆದ್ದು ಕೇಳಿಸಬೇಕಾದರೆ ಎಲ್ಲ ಕೂದಲುಗಳೂ ಸೇರಿ ಒಂದು ಸೆಕೆಂಡಿನಲ್ಲಿ ಕೆಲವು ನೂರು ಮಿಡಿತ ಹೆಚ್ಚಾಗಿ ಬರಬೇಕು. ಆಗ ರೆಕ್ಕೆ ಬಡಿತ ಶುರು.

ಹತ್ತು ಕಿಲೋಮೀಟರಿನ ಮಾತಿಗೆ ಬರೋಣ. ಗುರುತು ಹಚ್ಚಿ ಕೆಲವು ಕಿಲೋಮೀಟರ್ ದೂರ ಬಿಟ್ಟ ಗಂಡು ಪತಂಗಗಳು ಹೆಣ್ಣಿನ ಬಳಿ ತಿರುಗಿ ಬಂದದ್ದುಂಟು. ಅದನ್ನೇ ‘ಅಷ್ಟು ದೂರದಿಂದ ವಾಸನೆ ಹಿಡಿಯಿತು’ ಎಂದು ಪುಸ್ತಕಗಳು ಬರೆದುಕೊಂಡವು. ಬಿಟ್ಟ ಜಾಗದಲ್ಲೇ ಅದಕ್ಕೆ ವಾಸನೆ ಬಂದಿತ್ತು ಎಂಬುದಕ್ಕೆ ಆ ಪ್ರಯೋಗ ಸಾಕ್ಷಿಯಾಗುವುದಿಲ್ಲ. ಪತಂಗ ಸುಮ್ಮನೆ ಅತ್ತಿತ್ತ ಹಾರುತ್ತ ಹೋಗಿ, ಎಲ್ಲೋ ಒಂದು ಕಡೆ ಗಾಳಿಯಲ್ಲಿ ವಾಸನೆಯ ಎಳೆ ಸಿಕ್ಕಾಗ ಅದನ್ನು ಹಿಡಿದು ಬಂದಿರಲಿಕ್ಕೆ ಸಾಕು. ಹೊಲದ ಬಲೆಯ ಮಟ್ಟಿಗೆ ಹತ್ತಾರು ಮೀಟರಿನ ಲೆಕ್ಕ ಇಟ್ಟುಕೊಳ್ಳಿ. ಗಾಳಿ ಅನುಕೂಲವಾಗಿದ್ದರೆ ಇನ್ನಷ್ಟು ಸಿಗಬಹುದು. ಮಗಳು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ನಂಬಿ ಆರೇಳು ಎಕರೆಗೆ ಒಂದು ಬಲೆ ಸಾಕು ಎಂದುಕೊಳ್ಳುವಂತಿಲ್ಲ.

ಗಾಳಿಯಲ್ಲಿ ವಾಸನೆ ಹೇಗೆ ಹರಡುತ್ತದೆ ಎಂಬುದನ್ನು ಊದುಬತ್ತಿ ಹಚ್ಚಿ ನೋಡಿ. ಹೊಗೆ ಬತ್ತಿಯ ಹತ್ತಿರ ಒಂದೇ ಗೆರೆಯಾಗಿ ಏಳುತ್ತದೆ, ಸ್ವಲ್ಪ ದೂರ ಹೋದ ಮೇಲೆ ಹರಿದು ಎಳೆಎಳೆಯಾಗುತ್ತದೆ, ನಡುನಡುವೆ ಖಾಲಿ ಗಾಳಿ ಇರುತ್ತದೆ. ಫೆರೊಮೋನೂ ಹಾಗೆಯೇ. ಗಂಡಿಗೆ ಒಂದು ಎಳೆ ತಾಗಿದರೆ ಅದು ಗಾಳಿಗೆ ಎದುರಾಗಿ ಮುನ್ನುಗ್ಗುತ್ತದೆ. ಎಳೆ ತಪ್ಪಿದರೆ ಮುಂದೆ ಹೋಗುವುದನ್ನು ನಿಲ್ಲಿಸಿ ಎಡಕ್ಕೆ ಬಲಕ್ಕೆ ಓಲಾಡುತ್ತ ಹುಡುಕುತ್ತದೆ. ಮತ್ತೆ ತಾಗಿದರೆ ಮತ್ತೆ ಮುಂದಕ್ಕೆ. ಗಾಳಿ ಸುರಂಗದಲ್ಲಿ ಎಲ್ಲ ಕಡೆ ಒಂದೇ ಸಮ ಫೆರೊಮೋನ್ ತುಂಬಿ ಗಂಡನ್ನು ಬಿಟ್ಟರೆ ಅದು ಮುಂದೆ ಹೋಗುವುದೇ ಇಲ್ಲ. ಅದಕ್ಕೆ ವಾಸನೆ ಮಿಟುಕುತ್ತ ಬರಬೇಕು.

ಆ ಮಿಟುಕು ತಿಳಿಯಬೇಕಾದರೆ ಗ್ರಾಹಿಯ ಸುತ್ತ ಹಳೆಯ ಅಣುಗಳು ಉಳಿದುಕೊಳ್ಳಬಾರದು. ಕೂದಲಿನ ದ್ರವದಲ್ಲೇ ಫೆರೊಮೋನನ್ನು ಕತ್ತರಿಸಿ ಹಾಕುವ ಕಿಣ್ವಗಳಿವೆ. ಒಂದು ಎಳೆ ಹೋಗಿ ಮುಂದಿನದು ಬರುವುದರೊಳಗೆ ಕೂದಲು ಮತ್ತೆ ತಯಾರು. ಮುಂದಿನ ಮನೆಯಲ್ಲಿ ಒಗ್ಗರಣೆ ಹಾಕಿದ ವಾಸನೆ ನಮ್ಮ ಮೂಗಿನಲ್ಲಿ ಎಷ್ಟೋ ಹೊತ್ತು ಕೂತಿರುತ್ತದೆ. ಪತಂಗಕ್ಕೆ ಹಾಗಾದರೆ ಅದು ದಾರಿ ತಪ್ಪುತ್ತದೆ.

ಈಗ ನಿಮ್ಮ ಭತ್ತದ ಲೂರ್. ‘ಲೂರ್ ಎಲ್ಲಾ ಒಂದ’ ಎಂದ ಅಂಗಡಿಯವರ ಮಾತು ತಪ್ಪು, ಮತ್ತು ಆ ತಪ್ಪು ಎಷ್ಟು ಸೂಕ್ಷ್ಮವಾದದ್ದು ನೋಡಿ. ತೊಗರಿ ಕಾಯಿಕೊರಕದ ಹೆಣ್ಣು ಬಿಡುವ ವಾಸನೆಯಲ್ಲಿ ಮುಖ್ಯವಾಗಿ ಎರಡು ಆಲ್ಡಿಹೈಡ್‌ಗಳಿವೆ, ಅಂದರೆ ತುದಿಯಲ್ಲಿ ಆಲ್ಕೋಹಾಲ್ ಬದಲು ಆಲ್ಡಿಹೈಡ್ ಗುಂಪು ಇರುವ ಅಣುಗಳು. ಎರಡೂ ಹದಿನಾರು ಇಂಗಾಲದ ಸರಪಳಿಗಳೇ. ಒಂದರಲ್ಲಿ ಜೋಡಿ ಬಂಧ ಹನ್ನೊಂದನೇ ಜಾಗದಲ್ಲಿ, ಇನ್ನೊಂದರಲ್ಲಿ ಒಂಬತ್ತನೇ ಜಾಗದಲ್ಲಿ. ಪ್ರಮಾಣ ಸುಮಾರು 97ಕ್ಕೆ 3. ಭತ್ತದ ಹಳದಿ ಕಾಂಡಕೊರಕದ ಹೆಣ್ಣು ಬಳಸುವುದೂ ಅವೇ ಎರಡು ಆಲ್ಡಿಹೈಡ್‌ಗಳನ್ನು. ಆದರೆ ಪ್ರಮಾಣ 3ಕ್ಕೆ 1. ಸಾಮಾನು ಅದೇ, ಅಳತೆ ಬೇರೆ. ಅಷ್ಟಕ್ಕೇ ನಿಮ್ಮ ಎರಡು ಬಲೆಗಳು ಹೆಚ್ಚುಕಡಿಮೆ ಖಾಲಿ ಉಳಿದವು. ನಿಮಗೆ ಗೊತ್ತಿಲ್ಲದೆ ನೀವೇ ಒಂದು ಒಳ್ಳೆಯ ಪ್ರಯೋಗ ಮಾಡಿದ್ದೀರಿ.

ಪತಂಗ ಈ ಅಳತೆಯನ್ನು ಹೇಗೆ ತಿಳಿಯುತ್ತದೆ? ಯಾವ ಒಂದು ಗ್ರಾಹಿಗೂ ಪ್ರಮಾಣ ತಿಳಿಯುವುದಿಲ್ಲ. ಗಂಡಿನ ಮೀಸೆಯಲ್ಲಿ ಬಗೆಬಗೆಯ ಕೂದಲುಗಳಿವೆ. ಅತಿ ಹೆಚ್ಚಿರುವ ಬಗೆಯಲ್ಲಿ ಹನ್ನೊಂದನೇ ಜಾಗದ ಬಂಧವಿರುವ ಆಲ್ಡಿಹೈಡಿಗೆ ಮಾತ್ರ ಬಾಗಿಲು ತೆರೆಯುವ ಗ್ರಾಹಿ ಇದೆ, ವಿಜ್ಞಾನಿಗಳು ಅದನ್ನು ಓಆರ್13 ಎಂದು ಕರೆಯುತ್ತಾರೆ. ಒಂಬತ್ತನೇ ಜಾಗದ ಆಲ್ಡಿಹೈಡಿಗೆ ಮಿಡಿಯುವ ಕೋಶಗಳು ಬೇರೆ ಬಗೆಯ ಕೂದಲಿನಲ್ಲಿವೆ. ಈ ಎಲ್ಲ ನರಗಳೂ ಮಿದುಳಿನಲ್ಲಿ ಹೋಗಿ ಸೇರುವ ಗಂಟುಗಳ ಒಂದು ಗೊಂಚಲಿದೆ. ಗಂಡಿನಲ್ಲಿ ಅದು ದೊಡ್ಡದಾಗಿ ಬೆಳೆದಿರುತ್ತದೆ, ಹೆಣ್ಣಿನಲ್ಲಿ ಹಾಗೆ ಇರುವುದಿಲ್ಲ. ಯಾವ ಗಂಟು ಎಷ್ಟು ಮಿಡಿಯಿತು ಎಂದು ಅಲ್ಲಿ ತೂಗಿ ನೋಡಲಾಗುತ್ತದೆ. ತೂಕ ಸರಿ ಇದ್ದರೆ ‘ನಮ್ಮ ಹೆಣ್ಣು’, ಇಲ್ಲದಿದ್ದರೆ ಬೇರೆ ಯಾರೋ.

ಬೇಡ ಎನ್ನುವ ವಾಸನೆಗೂ ಗ್ರಾಹಿಗಳಿವೆ. ಇನ್ನೂ ಬಲಿಯದ ಎಳೆಯ ಹೆಣ್ಣು ಇದೇ ಸರಪಳಿಯ ಆಲ್ಕೋಹಾಲ್ ರೂಪವನ್ನು ಹೆಚ್ಚು ಬಿಡುತ್ತದೆ. ಗಂಡಿನಲ್ಲಿರುವ ಓಆರ್16 ಎಂಬ ಗ್ರಾಹಿ ಅದನ್ನು ಹಿಡಿದು ಗಂಡನ್ನು ದೂರ ಇಡುತ್ತದೆ. 2017ರಲ್ಲಿ ಚೀನಾದ ವಿಜ್ಞಾನಿಗಳು ಈ ಒಂದು ವಂಶವಾಹಿಯನ್ನು ಕೆಡಿಸಿ ನೋಡಿದರು. ಆ ಗಂಡುಗಳು ಎಳೆಯ ಹೆಣ್ಣುಗಳ ಜೊತೆಗೂ ಕೂಡಿದವು, ಆ ಹೆಣ್ಣುಗಳು ಇಟ್ಟ ಮೊಟ್ಟೆಗಳಲ್ಲಿ ಮರಿಯಾಗದವು ಹೆಚ್ಚಿದವು. ಸರಪಳಿಯ ತುದಿಯಲ್ಲಿ ಆಲ್ಡಿಹೈಡ್ ಇದ್ದರೆ ‘ಬಾ’, ಆಲ್ಕೋಹಾಲ್ ಇದ್ದರೆ ‘ಇವತ್ತು ಬೇಡ’.

ಗ್ರಾಹಿಯ ಮಹತ್ವ ಎಷ್ಟು ಎಂಬುದಕ್ಕೆ ನನಗೆ ಅತ್ಯಂತ ಮೆಚ್ಚಿನ ಸಾಕ್ಷಿ ಜಪಾನಿನದು. ಅಲ್ಲಿನ ತಂಡ 2004ರಲ್ಲಿ ರೇಷ್ಮೆ ಪತಂಗದ ಬಾಂಬಿಕಾಲ್ ಗ್ರಾಹಿಯನ್ನು ಗುರುತಿಸಿತು. 2011ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದ ಗ್ರಾಹಿಯೊಂದನ್ನು ಗಂಡು ರೇಷ್ಮೆ ಪತಂಗದ ಅದೇ ನರಕೋಶಗಳಲ್ಲಿ ಮೂಡುವಂತೆ ಮಾಡಿತು. ಆ ಗ್ರಾಹಿ ಹಿಡಿಯುವ ಅಣು ಯಾವುದು ಗೊತ್ತೇ? ನಿಮ್ಮ ಕಾಯಿಕೊರಕದ ಲೂರಿನಲ್ಲಿರುವ ಹನ್ನೊಂದನೇ ಜಾಗದ ಅದೇ ಆಲ್ಡಿಹೈಡ್. ವಜ್ರಬೆನ್ನಿನ ಪತಂಗ ಅದನ್ನು ಬೇರೆ ಜೊತೆಗಾರ ಅಣುವಿನೊಂದಿಗೆ ಬಳಸುತ್ತದೆ. ಆ ಅಣುವನ್ನು ಊದಿದಾಗ ರೇಷ್ಮೆ ಪತಂಗ ತನ್ನ ಹೆಣ್ಣು ಸಿಕ್ಕಂತೆಯೇ ರೆಕ್ಕೆ ಬಡಿದು ಹುಡುಕಾಟ ಶುರುಮಾಡಿತು. ಮಿದುಳು, ರೆಕ್ಕೆ, ಕಾಲು ಎಲ್ಲವೂ ರೇಷ್ಮೆ ಪತಂಗದವೇ. ಬದಲಾದದ್ದು ಕೂದಲಿನೊಳಗಿನ ಒಂದು ಬಾಗಿಲು ಮಾತ್ರ.

ನಮಗೆ ಯಾಕೆ ಆ ವಾಸನೆ ಬರುವುದಿಲ್ಲ ಎಂಬುದೂ ಇಲ್ಲೇ ತಿಳಿಯುತ್ತದೆ. ನಮ್ಮ ಮೂಗಿನಲ್ಲಿ ಸುಮಾರು 400 ಬಗೆಯ ಗ್ರಾಹಿಗಳಿದ್ದರೂ ಈ ಅಣುವನ್ನು ಇಷ್ಟು ಕಡಿಮೆಯಲ್ಲಿ ಹಿಡಿಯುವಂಥದು ಒಂದೂ ಇಲ್ಲ. ಹೆಣ್ಣು ಪತಂಗದ ಗ್ರಂಥಿಯಲ್ಲಿರುವುದು ನ್ಯಾನೋಗ್ರಾಂ ಲೆಕ್ಕದಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವು ಭಾಗ. ಲೂರಿನಲ್ಲಿ ಎರಡು ಮೂರು ಮಿಲಿಗ್ರಾಂ ಇರುತ್ತದೆ, ಅದೂ ವಾರಗಟ್ಟಲೆ ಮೆಲ್ಲಗೆ ಹೊರಬೀಳುತ್ತದೆ. ದನಕ್ಕೂ ಮಕ್ಕಳಿಗೂ ಇದರಿಂದ ತೊಂದರೆಯಿಲ್ಲ. ಮಕ್ಕಳು ಬಿರಡೆಯನ್ನು ಬಾಯಿಗೆ ಹಾಕದಂತೆ ನೋಡಿಕೊಳ್ಳಿ, ಅಷ್ಟು ಸಾಕು.

ಈ ಮಾತಿಗೆ ಹೊಂದಿಕೊಂಡು ಒಂದು ವಿಷಯ ಹೇಳದೆ ಇರಲಾರೆ. ಹೆಣ್ಣಾನೆ ಬೆದೆಗೆ ಬಂದಾಗ ಅದರ ಮೂತ್ರದಲ್ಲಿ ಗಂಡಾನೆಗಾಗಿ ಬರುವ ಫೆರೊಮೋನ್ ಏನೆಂದು 1996ರಲ್ಲಿ ಗೊತ್ತಾಯಿತು. ಅದು ಹನ್ನೆರಡು ಇಂಗಾಲದ ಒಂದು ಅಸಿಟೇಟ್, ಎಷ್ಟೋ ಪತಂಗಗಳು ಬಳಸುವ ಅಣುವೇ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಭಾರತಕ್ಕೇ ಮೊದಲು ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಲೂರಿನಲ್ಲೂ ಅದೇ ಅಣು ಇದೆ. ಹಾಸನದ ಕಡೆ ರೈತರೊಬ್ಬರು ಇದನ್ನು ಓದಿ ‘ಬಲೆ ಕಟ್ಟಿದರೆ ಆನೆ ಬರುತ್ತದೆಯೇ’ ಎಂದು ಗಾಬರಿಯಿಂದ ಕೇಳಿದ್ದರು. ಬರುವುದಿಲ್ಲ. ಲೂರಿನಲ್ಲಿರುವ ಪ್ರಮಾಣ ಆನೆಯ ಲೆಕ್ಕಕ್ಕೆ ಏನೇನೂ ಅಲ್ಲ. ಇತ್ತ ಆನೆಯ ಮೂತ್ರಕ್ಕೆ ಪತಂಗವೂ ಮುತ್ತುವುದಿಲ್ಲ, ಅದಕ್ಕೆ ಬೇಕಾದ ಜೊತೆಗಾರ ಅಣುಗಳು ಅಲ್ಲಿಲ್ಲ.

ಪಕ್ಕದ ಹೊಲದ ಕಾಕಾ ಅವರ ಸಿಟ್ಟಿಗೆ ಬರೋಣ. ಕಾಯಿ ಕೊರೆಯುವುದು ಮರಿಹುಳು. ರೆಕ್ಕೆ ಬಂದ ಪತಂಗ ಹೂವಿನ ಮಕರಂದ ಕುಡಿಯುತ್ತದೆ, ಕಾಯಿ ಮುಟ್ಟುವುದಿಲ್ಲ. ಲೂರಿನ ಗ್ರಾಹಿ ಇರುವುದು ಗಂಡಿನಲ್ಲಿ, ಆದ್ದರಿಂದ ಬಲೆಯತ್ತ ಬರುವುದು ಗಂಡು, ಗಂಡು ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಇಡುವ ಹೆಣ್ಣು ಹೂವು, ಮೊಗ್ಗು, ಗಿಡದ ವಾಸನೆ ಹಿಡಿದು ಬರುತ್ತದೆ. ನಿಮ್ಮ ಬಲೆಯಿಂದ ಅವರ ಹೊಲಕ್ಕೆ ಕೀಡೆ ಬಂದಿಲ್ಲ ಎಂದು ಧೈರ್ಯವಾಗಿ ಹೇಳಿ. ಆದರೆ ಅವರ ಅನುಮಾನಕ್ಕೆ ಒಂದು ಬೇರು ಇದ್ದೀತು. ಕೆಲವರು ಹೊಲದಲ್ಲಿ ದೀಪದ ಬಲೆ ಇಡುತ್ತಾರೆ. ಬೆಳಕಿಗೆ ಹೆಣ್ಣುಗಳೂ ಬರುತ್ತವೆ, ಬಲೆಗೆ ಬೀಳದವು ಅಲ್ಲೇ ಸುತ್ತ ಮೊಟ್ಟೆ ಇಡಲೂಬಹುದು. ಅದನ್ನು ಕಂಡವರು ಇದಕ್ಕೂ ಹಾಗೇ ಅಂದುಕೊಳ್ಳುವುದು ಸಹಜ. ಜಗಳ ಬೇಡ, ಮುಂದೆ ಹೇಳುವ ಕಾರಣಕ್ಕೆ ನಿಮಗೆ ಅವರ ಜೊತೆ ಬೇಕು.

ಹಾಗಾದರೆ ನಿಮ್ಮ ಬಲೆ ತಿಂಗಳ ನಂತರ ಖಾಲಿಯಾದದ್ದು ಯಾಕೆ? ನೀವು ಬರೆದದ್ದರಿಂದ ನನಗೆ ಎರಡು ಕಾರಣ ಗಟ್ಟಿಯಾಗಿ ಕಾಣುತ್ತವೆ. ಲೂರ್ ಬದಲಿಸಿದ ಮಾತೇ ನೀವು ಬರೆದಿಲ್ಲ. ಆಲ್ಡಿಹೈಡ್ ಬಹಳ ನಾಜೂಕಿನ ವಸ್ತು. ಬಿಸಿಲು, ಗಾಳಿ ತಾಗಿ ಆಮ್ಲವಾಗಿ ಕೆಡುತ್ತದೆ, ಆ ಆಮ್ಲಕ್ಕೆ ಯಾವ ಬಾಗಿಲೂ ತೆರೆಯುವುದಿಲ್ಲ. ಮೂರರಿಂದ ನಾಲ್ಕು ವಾರಕ್ಕೊಮ್ಮೆ ಬದಲಿಸಲೇಬೇಕು. ಎರಡನೆಯದು ಎತ್ತರ. ಮೊಗ್ಗಿನ ಹೊತ್ತಿಗೆ ಸೊಂಟದೆತ್ತರಕ್ಕೆ ಕಟ್ಟಿದಿರಿ, ತೊಗರಿ ಆಮೇಲೆ ಎದೆ, ಹೆಗಲು ದಾಟಿ ಬೆಳೆಯಿತು. ಬಲೆ ಎಲೆಗಳ ನಡುವೆ ಮುಳುಗಿತು. ವಾಸನೆ ಎಳೆಯಾಗಿ ಗಾಳಿಗೆ ಸೇರದೆ ಗಿಡದೊಳಗೇ ನಿಂತಿತು. ಬಲೆ ಯಾವಾಗಲೂ ಗಿಡದ ತುದಿಯಿಂದ ಒಂದು ಅಡಿ ಮೇಲಿರಬೇಕು, ಗಿಡ ಬೆಳೆದಂತೆ ಏರಿಸುತ್ತ ಹೋಗಬೇಕು.

ಮೂರನೆಯ ಕಾರಣವೂ ಇದ್ದಿರಬಹುದು. ಪತಂಗಗಳು ಅಲೆಅಲೆಯಾಗಿ ಬರುತ್ತವೆ, ಒಂದು ತಲೆಮಾರು ಮುಗಿದು ಮುಂದಿನದು ಬರಲು ಹೆಚ್ಚುಕಡಿಮೆ ಒಂದು ತಿಂಗಳು ಬೇಕು. ನಡುವಿನ ದಿನಗಳಲ್ಲಿ ಪತಂಗ ಇಲ್ಲದಿದ್ದರೂ ಅದರ ಮರಿಗಳು ಕಾಯಿಯೊಳಗೆ ತಿನ್ನುತ್ತಿರುತ್ತವೆ. ಅಲೆ ಉಕ್ಕಿ ಬಂದ ದಿನಗಳಲ್ಲಿ ಇನ್ನೊಂದು ಮೋಸ ಆಗುತ್ತದೆ. ಹೊಲದ ತುಂಬ ನಿಜವಾದ ಹೆಣ್ಣುಗಳು ನಡುರಾತ್ರಿಯ ಮೇಲೆ ಕರೆಯುತ್ತಿರುವಾಗ ನಿಮ್ಮ ರಬ್ಬರ್ ಬಿರಡೆಯನ್ನು ಹುಡುಕಿ ಬರುವ ಗಂಡುಗಳು ಕಡಿಮೆಯಾಗುತ್ತವೆ.

ಈ ವರ್ಷ ನಿಮ್ಮ ಮುಂದಿರುವ ದಾರಿಗಳಲ್ಲಿ ನಾನು ಮೊದಲು ಹೇಳುವುದು ನಿಗಾ ಬಲೆ. ಹೆಕ್ಟೇರಿಗೆ ನಾಲ್ಕೈದು, ಅಂದರೆ ನಿಮ್ಮ ಆರು ಎಕರೆಗೆ ಹತ್ತು ಹನ್ನೆರಡು. ಮೊಗ್ಗು ಬರುವುದಕ್ಕೆ ಮೊದಲೇ ಕಟ್ಟಿ, ದಿನಾ ಬೆಳಿಗ್ಗೆ ಎಣಿಸಿ ಬರೆದಿಡಿ. ಎಣಿಕೆ ಏರತೊಡಗಿದ ಕೂಡಲೇ ಮೊಗ್ಗು, ಎಳೆಕಾಯಿ ಬಿಡಿಸಿ ನೋಡಿ, ಹಳದಿ ಮಿಶ್ರಿತ ಬಿಳಿಯ ಗುಂಡು ಮೊಟ್ಟೆಗಳು ಒಂಟೊಂಟಿಯಾಗಿ ಕಾಣಬೇಕು. ಮೊಟ್ಟೆ ಒಡೆಯಲು ಮೂರು ನಾಲ್ಕು ದಿನ. ಆ ಹೊತ್ತಿನಲ್ಲಿ ಬೇವಿನ ಬೀಜದ ಕಷಾಯ, ಮರಿ ಸಣ್ಣದಿರುವಾಗ ಸಂಜೆಯ ತಂಪಿನಲ್ಲಿ ಮರಿಹುಳುವಿಗೆ ರೋಗ ತರುವ ಎನ್‌ಪಿವಿ ಎಂಬ ನಂಜಾಣುವಿನ ದ್ರಾವಣ. ಹಕ್ಕಿ ಕೂರಲು ಕವೆಕೋಲು ನೆಡಿ. ಮರಿ ದೊಡ್ಡದಾಗಿದ್ದರೆ ಸಾಲಿನ ನಡುವೆ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ ಬೀಳಿಸುವ ನಿಮ್ಮ ಕಡೆಯ ಪದ್ಧತಿಯನ್ನು ನಾನು ಎಲ್ಲ ಎಣ್ಣೆಗಳಿಗಿಂತ ಮೇಲೆ ಇಡುತ್ತೇನೆ. ಇದರಲ್ಲಿರುವ ಅಪಾಯ ಒಂದೇ, ಬಲೆ ನೋಡಿ ಗಿಡ ನೋಡದೆ ಇರುವುದು.

ಬಲೆ ಹೆಚ್ಚು ಕಟ್ಟಿ ಗಂಡುಗಳನ್ನೆಲ್ಲ ಹಿಡಿದುಬಿಡುವ ಉಪಾಯ ಬದನೆಯ ಕಾಯಿಕೊರಕದಲ್ಲಿ ಸ್ವಲ್ಪ ಮಟ್ಟಿಗೆ ನಡೆಯುತ್ತದೆ. ಆ ಪತಂಗ ದೂರ ಹಾರುವುದಿಲ್ಲ, ಬದನೆಯನ್ನೇ ನೆಚ್ಚಿಕೊಂಡಿದೆ. ನಿಮ್ಮ ಕಾಯಿಕೊರಕ ತೊಗರಿ, ಕಡಲೆ, ಹತ್ತಿ, ಟೊಮೆಟೊ ಎಲ್ಲದರ ಮೇಲೂ ಬದುಕುತ್ತದೆ, ಬಲವಾಗಿ ಹಾರುತ್ತದೆ. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ, ಒಂದು ಹೆಣ್ಣು ನೂರಾರು, ಕೆಲವೊಮ್ಮೆ ಸಾವಿರ ದಾಟಿ ಮೊಟ್ಟೆ ಇಡುತ್ತದೆ. ಬೇರೆಲ್ಲೋ ಕೂಡಿ ಬಂದ ಹೆಣ್ಣಿಗೆ ನಿಮ್ಮ ಬಲೆ ಏನೂ ಮಾಡಲಾರದು. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಇಡೀ ಹೊಲದಲ್ಲಿ ಫೆರೊಮೋನ್ ತುಂಬಿ ಗಂಡಿಗೆ ದಾರಿ ಸಿಗದಂತೆ ಮಾಡುವ ವಿಧಾನವನ್ನೂ ನೀವು ಕೇಳಿರಬಹುದು. ಗಾಳಿ ಸುರಂಗದಲ್ಲಿ ಕಂಡದ್ದೇ ಅದಕ್ಕೆ ಆಧಾರ. ತೊಗರಿಯ ಈ ಪತಂಗಕ್ಕೆ ಅದರ ಮೇಲೆ ದುಡ್ಡು ಹಾಕಿ ಎಂದು ನಾನು ಹೇಳಲಾರೆ, ಕಾರಣ ಅದೇ, ಹೊರಗಿನಿಂದ ಬರುವ ಹೆಣ್ಣು.

ಬಲೆ ಬಿಟ್ಟು ಹದಿನೈದು ದಿನಕ್ಕೊಮ್ಮೆ ಕಣ್ಣು ಮುಚ್ಚಿ ಎಣ್ಣೆ ಹೊಡೆಯುವ ದಾರಿಯನ್ನು ಬೇಡವೆನ್ನುತ್ತೇನೆ. 1980ರ ದಶಕದ ಕೊನೆಗೇ ಆಂಧ್ರದ ಹತ್ತಿ ಹೊಲಗಳಲ್ಲಿ ಈ ಹುಳು ಪೈರೆಥ್ರಾಯ್ಡ್ ಔಷಧಗಳಿಗೆ ಬಗ್ಗದೆ ನಿಂತಿತು. ಆ ಪಾಠಕ್ಕೆ ರೈತರು ಕೊಟ್ಟ ಬೆಲೆ ದೊಡ್ಡದು. ಕಾಯಿಯೊಳಗೆ ಹೊಕ್ಕ ಮರಿಗೆ ಎಣ್ಣೆ ತಲುಪುವುದೂ ಇಲ್ಲ. ಹೊಡೆಯಲೇಬೇಕಾದರೆ ಬಲೆ ಮತ್ತು ಮೊಟ್ಟೆ ಎರಡೂ ಹೇಳಿದ ದಿನ ಹೊಡೆಯಿರಿ, ಯಾವುದು ಎಷ್ಟು ಎಂದು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಒಂದೇ ಗುಂಪಿನ ಔಷಧ ಮತ್ತೆ ಮತ್ತೆ ಬೇಡ.

ಲೂರ್ ಕೊಳ್ಳುವಾಗ ಪೊಟ್ಟಣದ ಮೇಲೆ ಕೀಟದ ಹೆಸರು, ತಯಾರಿಸಿದ ದಿನಾಂಕ ನೋಡಿ. ಬಳಸುವ ತನಕ ಫ್ರಿಜ್ಜಿನಲ್ಲಿಡಿ, ಬಿಸಿಲಿನ ಕಿಟಕಿಯಲ್ಲಿ ಬೇಡ. ಭತ್ತದ ಲೂರ್ ಮುಟ್ಟಿದ ಕೈಯಿಂದ ತೊಗರಿಯ ಲೂರ್ ಮುಟ್ಟಬೇಡಿ. ನಮ್ಮ ಕೈಗೆ ಅಂಟಿದ ಲವಲೇಶವೂ ಆ 97ಕ್ಕೆ 3ರ ಅಳತೆಯನ್ನು ಕೆಡಿಸಬಲ್ಲದು. ಭತ್ತದ ಲೂರ್ ಹಾಕಿದ್ದ ಎರಡು ಬಲೆಗಳ ಚೀಲ, ತಟ್ಟೆ ಎರಡನ್ನೂ ಸೋಪಿನಲ್ಲಿ ತೊಳೆದು ಒಣಗಿಸಿ ಆಮೇಲೆ ಬಳಸಿ. ಹಳೆಯ ಬಿರಡೆಗಳನ್ನು ಹೊಲದಲ್ಲೇ ಎಸೆಯಬೇಡಿ, ಅವು ಅಲ್ಲಿಂದಲೇ ಗಂಡುಗಳನ್ನು ಅತ್ತಿತ್ತ ಎಳೆಯುತ್ತಿರುತ್ತವೆ.

ಕಾಕಾ ಅವರಿಗೂ ನಾಲ್ಕು ಬಲೆ ಕಟ್ಟಲು ಹೇಳಿ. ಹೊಲದ ಬದು ಪತಂಗಕ್ಕೆ ಲೆಕ್ಕವಿಲ್ಲ. ಇಬ್ಬರೂ ಎಣಿಸಿದ್ದನ್ನು ಸೇರಿಸಿ ನೋಡಿದರೆ ಅಲೆ ಯಾವ ಕಡೆಯಿಂದ ಬಂತು ಎಂಬುದು ಒಬ್ಬರ ಬಲೆಗಿಂತ ಸ್ಪಷ್ಟವಾಗಿ ತಿಳಿಯುತ್ತದೆ.

ಮಗಳಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ಈ ಸಲ ಬಲೆಗೆ ಬಿದ್ದ ಮೊದಲ ಪತಂಗವನ್ನು ಕಾಲೇಜಿನ ಮಸೂರದ ಕೆಳಗಿಟ್ಟು ನೋಡಲಿ. ಕಾಯಿಕೊರಕದ ಗಂಡಾದರೆ ಮುಂರೆಕ್ಕೆ ಹಸಿರು ಬೆರೆತ ಬೂದು ಬಣ್ಣ, ನಡುವೆ ಮೂತ್ರಪಿಂಡದ ಆಕಾರದ ಕಪ್ಪು ಮಚ್ಚೆ, ಹಿಂರೆಕ್ಕೆ ತಿಳಿ ಬಣ್ಣದ್ದು, ಅಂಚಿಗೆ ಕಪ್ಪು ಪಟ್ಟಿ. ಬೇರೆ ತರಹ ಕಂಡರೆ ನಿಮಗೆ ಸಿಕ್ಕ ಲೂರ್ ಸರಿ ಇಲ್ಲ ಎಂದರ್ಥ. ಆಗ ಆ ಪತಂಗದ ಚಿತ್ರವನ್ನೂ ಪೊಟ್ಟಣದ ಚಿತ್ರವನ್ನೂ ತೆಗೆದು ನನಗೆ ಕಳಿಸಿ.